ರಾಮೆನ್ನೋ, ರಾಮಣ್ಣನೋ?

ನಿಜ ಹೇಳಿ, ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಮೊಬೈಲ್ ಹಿಡ್ಕೊಂಡು ಜಪಾನಿನ ಬೀಫ್ ರಾಮೆನ್ ಅನ್ನೋ ನೂಡಲ್ ಸೂಪಿನ ವಿಡಿಯೋಗೆ ಬಾಯಲ್ಲಿ ನೀರೂರಿಸ್ತಿದ್ದೋರು ನೀವೇ ತಾನೆ? (ಮಧ್ಯಾಹ್ನ ನಾಟಿ ಕೋಳಿ ಸಾರಲ್ಲಿ ಎರಡು ಮುದ್ದೆ ಮುರಿದಿದ್ದನ್ನ ನಾನು ಯಾರಿಗೂ ಹೇಳಲ್ಲ.) ತಪ್ಪೇನಿಲ್ಲ ಬಿಡಿ. 1999ರಲ್ಲಿ ಬಿಡದಿಯಿಂದ ಟೊಯೊಟಾ ಕ್ವಾಲಿಸ್ ಹೊರಬಿದ್ದಾಗಿಂದ ಜಪಾನು ನಮಗೆ ಪಕ್ಕದ ಹೋಬಳಿ ಇದ್ದಂಗೆ.

ಸರಿ, ಮನೇಲೇ ಮಾಡ್ತೀನಿ ಅಂತ ಹೊರಟ್ರಿ. ರೆಸಿಪಿಯ ಮೊದಲ ಸಾಲಲ್ಲೇ ಎಡವಿದ್ರಿ: ದನದ ಮೂಳೆ. ನಮ್ಮ ರಾಜ್ಯದಲ್ಲಿ 2021ರಿಂದ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ರಾಸು ಕಡಿಯೋ ಹಾಗಿಲ್ಲ. ಬೇಜಾರಾಗಬೇಡಿ, ಜಪಾನಲ್ಲೂ ಇದೇ ಕಥೆ ನಡೆದಿತ್ತು. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಕೂಡದು ಅಂದ. (ಕೋತಿ ಯಾಕಪ್ಪ ತಿಂತಿದ್ರು ಅಂತ ರಾಮದೇವರ ಬೆಟ್ಟದ ಕೋತಿಗಳನ್ನ ನೋಡಿ ನೀವೇ ಯೋಚಿಸಿ.) 1872ರಲ್ಲಿ ಮೇಜಿ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಊರೆಲ್ಲ ಹರಡಿದ ಮೇಲೆ ಜನಕ್ಕೂ ಧೈರ್ಯ ಬಂತು.

ದನದ ಮೂಳೆ ಬದಲು ನೀವು ಕುರಿ ಕಾಲು ತನ್ನಿ. 'ಚೆನ್ನಾಗಿ ಸುಟ್ಟು ಕೊಡಪ್ಪ' ಅಂದ್ರೆ ಅರ್ಧ ಕೆಲಸ ಅಂಗಡೀಲೇ ಮುಗೀತು. ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಣ್ಣ ಉರೀಲಿ ಮೂರು ಗಂಟೆ. (ನೀವು ಕುಕ್ಕರಲ್ಲಿ ಎಂಟು ವಿಶಲ್ ಹೊಡೆಸ್ತೀರಿ, ಗೊತ್ತು ನಂಗೆ.) ಬೆರಳಿಗೆ ಬೆರಳು ಅಂಟಿದ್ರೆ ಸೂಪು ಆಯ್ತು ಅಂತ.

ಜಪಾನಿನವರು ಇದಕ್ಕೆ ಕೊಂಬು ಅನ್ನೋ ಕಡಲಪಾಚಿಯ ರಸ ಹಾಕ್ತಾರೆ. ಅದರ ರುಚಿಯ ಗುಟ್ಟು ಗ್ಲುಟಮೇಟ್ ಅಂತ 1908ರಲ್ಲಿ ಕಂಡುಕೊಂಡ ಇಕೆದಾ ಕಿಕುನಾಯೆ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮುಂದೆ ಅದೇ ಟೇಸ್ಟಿಂಗ್ ಪೌಡರ್ ಆಯ್ತು. ಗೋಬಿ ಮಂಚೂರಿ ಗಾಡಿಯವನು ಅದನ್ನ ಉದುರಿಸಿದ್ರೆ ಮುಖ ಸಿಂಡರಿಸ್ತೀರಿ, 'ಉಮಾಮಿ' ಅಂದ್ರೆ ಬಾಯಿ ಚಪ್ಪರಿಸ್ತೀರಿ. ಹೌದೋ ಅಲ್ವೋ?

ಇನ್ನು ನೂಡಲ್ಸು. ರಾಮೆನ್ ಎಳೆ ಜಗಿದ್ರೆ ಪುಟಿಯೋದು ಕ್ಷಾರದ ನೀರಿಂದ. ಅಡುಗೆ ಸೋಡಾನ ಓವನ್ನಲ್ಲಿ ಒಂದು ಗಂಟೆ ಕಾಯಿಸಿ, ಅದರ ಚಿಟಿಕೆ ಹಾಕಿ ಮೈದಾ ನಾದಬೇಕು. ನಾದ್ತೀರಾ? (ಚಪಾತಿ ಹಿಟ್ಟೇ ನಾದಲ್ಲ ನೀವು.) ಅಟ್ಟದ ಮೇಲೆ ಅಜ್ಜಿಯ ಶಾವಿಗೆ ಒರಳಿದೆಯಲ್ಲ, ಇಳಿಸಿ. ಬೆಂದ ಅಕ್ಕಿಹಿಟ್ಟಿನ ಉಂಡೆ ಹೊಗೆಯಾಡ್ತಿರುವಾಗಲೇ ತುಂಬಿ. ಒಬ್ಬರು ಒರಳು ಹಿಡೀಬೇಕು, ಇನ್ನೊಬ್ಬರು ಮೈಭಾರ ಬಿಟ್ಟು ಒತ್ತಬೇಕು. ಉಂಡೆ ಆರಿತೋ, ತೋಳು ಬಿದ್ದೋಗುತ್ತೆ, ಎಳೆ ಮಾತ್ರ ಇಳಿಯಲ್ಲ.

ಅಷ್ಟರಲ್ಲಿ ಅಮ್ಮ ಇಣುಕ್ತಾರೆ. 'ಕಾಲ್ ಸೂಪ್ಗೆ ಒತ್ತು ಶಾವಿಗೆ ಹಾಕ್ತಿದ್ದೀಯೇನ್ಲಾ?' 'ಅಲ್ಲಮ್ಮ, ಇದು ರಾಮೆನ್ನು.' 'ಯಾವ ರಾಮಣ್ಣನ್ಲಾ?'

ತಿನ್ನೋಕೆ ಕಡ್ಡಿ ಬೇಕೇ ಬೇಕು ಅಂದ್ರೆ ಚನ್ನಪಟ್ಟಣಕ್ಕೆ ಹೋಗಿ ಆಲೆಮರದಲ್ಲಿ ಕಡೆಸ್ಕೊಂಡು ಬನ್ನಿ. ಅಲ್ಲಿ ಬೊಂಬೆ ಕಸುಬಿಗೆ ಬಾವಾಸ್ ಮಿಯಾ ಅನ್ನೋರು ಜಪಾನಿನ ಕೈಚಳಕ ಕಲಿತು ತಂದರು ಅನ್ನೋ ಮಾತಿದೆ. ಆದ್ರೆ ನಿಮ್ಮ ಕಡ್ಡಿ ಮೂರನೇ ತುತ್ತಿಗೇ ತಟ್ಟೆ ಪಕ್ಕ ಮಲಗುತ್ತೆ, ಬೆರಳು ಎದ್ದು ಬರುತ್ತೆ. ಸೊರ್ರಂತ ಹೀರಿ ಪರವಾಗಿಲ್ಲ, ಜಪಾನಲ್ಲೂ ಹಂಗೇ ಹೀರೋದು. ಮನೇಲಿ ಯಾರಾದ್ರೂ ಗದರಿದ್ರೆ ಜಪಾನಿನವರ ಹೆಸರು ಹೇಳಿ.

ಒಂದೇ ಒಂದು ಮಾತು ಕೇಳಿ: ಸ್ಟೇಟಸ್‌ಗೆ ಫೋಟೋ ಆಮೇಲೆ ಹಾಕೋಣ. ನೀವು ಆಂಗಲ್ ಹುಡುಕೋ ಹೊತ್ತಿಗೆ ಶಾವಿಗೆ ಸೂಪೆಲ್ಲ ಕುಡಿದು ಗಂಟಾಗಿರುತ್ತೆ.