ಬಾಗಿಲಲ್ಲಿ ನಿಂತ ಕಾವೇರಿ

ಫ್ರಿಜ್ಜಿನ ಬಾಗಿಲು ತೆಗೆಯುವುದು ಶ್ರಮದ ಕೆಲಸವೆಂದು ಯಾವ ಪುಣ್ಯಾತ್ಮನಿಗೆ ಮೊದಲು ಅನ್ನಿಸಿತೋ! ಅರವತ್ತು ದಾಟಿದ ನನಗಂತೂ ಅನ್ನಿಸಿರಲಿಲ್ಲ. ತೆಗೆದರೆ ಎದುರಿಗೇ ಬಾಟ್ಲಿ. ಎತ್ತಿ ಕುಡಿದು, ಖಾಲಿಯಾದದ್ದನ್ನು ತುಂಬಿಸದೆ ಅಲ್ಲೇ ಇಟ್ಟು, ಸಂಜೆ ಬೈಸಿಕೊಂಡರೆ ಆಯಿತು; ನಮ್ಮ ಸಂಸಾರ ಹಾಗೇ ಸಾಗಿತ್ತು. ಅಷ್ಟರಲ್ಲಿ ಭಾವಮೈದ ಆಸ್ಟಿನ್ನಿಗೆ ಹೊರಟ. ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ತುಳಸಿಗಿಡವನ್ನೋ ವಯಸ್ಸಾದ ನಾಯಿಯನ್ನೋ ಬಿಟ್ಟುಹೋಗುತ್ತಾರೆ. ಈತ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿದ್ದ ಆಳೆತ್ತರದ ಜೋಡಿಬಾಗಿಲ ಫ್ರಿಜ್ಜನ್ನು ಅಕ್ಕನಿಗೆ ಬಿಟ್ಟುಹೋದ.

ಅದನ್ನು ಬನಶಂಕರಿ ಎರಡನೇ ಹಂತದ ನಮ್ಮ ಮಹಡಿಮನೆಗೆ ಹತ್ತಿಸಿದ ಕಥೆ ಬೇಡ. ಮೆಟ್ಟಿಲ ಕಂಬಿ ಕೀಳಿಸಿದ್ದಕ್ಕೂ ನಾನೇ ದುಡ್ಡು ಕೊಟ್ಟೆ, ಮತ್ತೆ ಹಾಕಿಸಿದ್ದಕ್ಕೂ ನಾನೇ ಕೊಟ್ಟೆ ಎಂದರೆ ಸಾಕು. ವಿಷಯ ಏನೆಂದರೆ, ಅದರ ಎಡಬಾಗಿಲಲ್ಲಿ ಒಂದು ಗೂಡು, ಗೂಡಿನೊಳಗೆ ಒಂದು ಕಪ್ಪು ನಾಲಗೆ. ಲೋಟ ತಗಲಿಸಿ ಒತ್ತಿದರೆ ನೀಲಿ ದೀಪ ಹತ್ತಿ ತಣ್ಣೀರು ಧುಮುಕಬೇಕು. ದೀಪ ಹತ್ತಿತು. ಬೆನ್ನಹಿಂದೆ ಎಲ್ಲೋ ‘ಗುಂಯ್’ ಎಂದಿತು. ನಾಲ್ಕು ಹನಿ ಉದುರಿ ನಿಂತಿತು.

‘ಬಾಟ್ಲಿ ಇದೆಯಲ್ಲ’ ಎಂದಳು ಹೆಂಡತಿ. ವಿಜ್ಞಾನದ ಮುನ್ನಡೆಗೆ ಮನೆಯಿಂದ ಯಾವತ್ತೂ ಸಿಗುವ ಪ್ರೋತ್ಸಾಹ ಇಷ್ಟೇ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದರು, ಒತ್ತಿದೆ. ‘ಹಾಂಜೀ ಸರ್’ ಎಂದು ಶುರುವಾಯಿತು. ನನಗೆ ಗೊತ್ತಿದ್ದ ಹಿಂದಿಯೆಲ್ಲ ಹಳೇ ಸಿನಿಮಾ ಹಾಡಿನದು. ಅದರಲ್ಲಿ ಕಣ್ಣೀರಿನ ಬಗ್ಗೆ ಬೇಕಾದಷ್ಟು ಹೇಳಬಹುದು, ಕುಡಿಯುವ ನೀರಿನ ಬಗ್ಗೆ ಹೇಳುವುದು ಕಷ್ಟ. ಲಾಕ್ ಗುಂಡಿಯನ್ನು 3 ಸೆಕೆಂಡ್ ಒತ್ತಿಹಿಡಿಯಿರಿ ಎಂದರು. ಒತ್ತಿಹಿಡಿದೆ. ಇಲ್ಲದಿದ್ದ ಲಾಕ್ ಬಿತ್ತು. ಇನ್ನೊಮ್ಮೆ ಒತ್ತಿ ಅದನ್ನು ತೆಗೆದೆ.

ಆಮೇಲೆ ಶಾಸ್ತ್ರಾಧ್ಯಯನ ಶುರುವಾಯಿತು. ನೀರು ಕಾಲಿಂಚಿನ ಕೊಳವೆಯಲ್ಲಿ ಫ್ರಿಜ್ಜಿನ ಬೆನ್ನಿಗೆ ಬಂದು, ಸೊಲೆನಾಯ್ಡ್ ವಾಲ್ವ್ ಎಂಬ ದ್ವಾರಪಾಲಕನನ್ನು ದಾಟಿ, ಇದ್ದಿಲಿನ ಫಿಲ್ಟರಿನಲ್ಲಿ ನುಸುಳಿ, ಒಳಗಿನ ಸುರುಳಿಯಲ್ಲಿ ತಣ್ಣಗಾಗಿ, ಕೆಳಗಿನ ಕೀಲಿನ ತೂತಿನಿಂದ ಬಾಗಿಲೊಳಕ್ಕೆ ಏರಿ ನಾಲಗೆಯ ಬುಡಕ್ಕೆ ಬರುತ್ತದೆ. ಇಷ್ಟು ತಿಳಿದ ಮೇಲೆ ನಿದ್ದೆ ಬರಲಿಲ್ಲ. ಯಾಕೆಂದರೆ ನೀರಿನ ಉಳಿದ ದಾರಿ ನನಗೆ ಗೊತ್ತಿತ್ತು. ತೊರೆಕಾಡನಹಳ್ಳಿಯಲ್ಲಿ ಮಡಿಯಾಗಿ, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪಿನಿಂದ ಪಂಪಿಗೆ ದಾಟಿ, ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುವ ಕಾವೇರಿ ನೀರು ಅದು. 1974ರಿಂದ ಹತ್ತುತ್ತಲೇ ಇದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತವೂ ಸೇರಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಹತ್ತಿಸುವ ಏರ್ಪಾಡಾಯಿತು. ನಮ್ಮ ಸಂಪಿಗೆ ಇಳಿದು, ಮೋಟಾರು ಹತ್ತಿ ತಾರಸಿಯ ಟ್ಯಾಂಕು ಸೇರಿ, ಅಡುಗೆಮನೆಗೆ ಬಂದು, ಫ್ರಿಜ್ಜಿನ ಬೆನ್ನಿನಿಂದ ಎದೆಗೆ ಬರುವ ಮೂರಡಿಯಲ್ಲಿ ಕೂತುಬಿಟ್ಟಳಲ್ಲ ತಾಯಿ!

ಕೊಳವೆ ಹೋಗುವುದು ಫ್ರೀಜರಿನ ಬಾಗಿಲೊಳಗೆ. ಹನಿಹನಿಯಾಗಿ ಬಂದ ನೀರು ಅಲ್ಲೇ ಹೆಪ್ಪುಗಟ್ಟಿ ಬಿರಟೆ ಹಾಕಿರುತ್ತದೆ, ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಕರಗುತ್ತದೆ ಎಂದು ಎಲ್ಲೋ ಒಬ್ಬ ಗಡ್ಡದವನು ವಿಡಿಯೊದಲ್ಲಿ ಹೇಳಿದ. ಮಗಳ ಡ್ರೈಯರ್ ಇತ್ತು. ಸಮಯ ಸಿಗಬೇಕಿತ್ತು. ಹೆಂಡತಿಯ ಗಮನ ಪೂರ್ತಿ ಬೇರೆ ಕಡೆ ಇರುವ ದಿನವೆಂದರೆ ವರ್ಷಕ್ಕೆ ಒಂದೇ: ವರಮಹಾಲಕ್ಷ್ಮಿ ವ್ರತ.

2025ರ ಆಗಸ್ಟ್ 8, ಶುಕ್ರವಾರ ಸಂಜೆ. ಹಾಲಿನಲ್ಲಿ ಕಲಶಕ್ಕೆ ಸೀರೆ ಉಡಿಸಿ, ಮುಖವಾಡ ಇಟ್ಟು, ಜಡೆ ಹಾಕಿ ಲಕ್ಷ್ಮಿಯನ್ನು ಕೂರಿಸಿದ್ದರು. ಬೀದಿಯ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬರತೊಡಗಿದ್ದರು. ನಾನು ಪಂಚೆ ಮೇಲಕ್ಕೆ ಕಟ್ಟಿ, ಫ್ರೀಜರಿನ ಬಾಗಿಲು ತೆರೆದು ಅದರ ಎದೆಗೆ ಡ್ರೈಯರ್ ಹಿಡಿದು ನಿಂತಿದ್ದೆ. ಅಡುಗೆಮನೆಯ ಗೋಡೆಯನ್ನು ಅದರ ಹಿಂದಿನ ವರ್ಷ ಒಡೆಸಿ ‘ಓಪನ್ ಕಿಚನ್’ ಮಾಡಿಸಿದ್ದೆವಾದ್ದರಿಂದ ಈ ದೃಶ್ಯ ಲಕ್ಷ್ಮಿಯಷ್ಟೇ ಸಲೀಸಾಗಿ ಎಲ್ಲರಿಗೂ ಕಾಣುತ್ತಿತ್ತು.

‘ಏನ್ರೀ, ಹಬ್ಬ ಅಂತ ಫ್ರಿಜ್ಜಿಗೂ ತಲೆಗೆ ನೀರು ಹಾಕಿದ್ರಾ?’ ಎಂದು ಒಬ್ಬರು ಕೇಳಿದರು. ಗಂಭೀರವಾಗಿಯೇ ಕೇಳಿದರು.

ಕರಗಿತೋ ಇಲ್ಲವೋ ನೋಡುವ ಬಗೆ ಒಂದೇ: ಬುಡದ ಕೀಲಿನ ಹತ್ತಿರ ಕೊಳವೆ ಬಿಡಿಸಿ ಬಾಯಿಂದ ಊದುವುದು. ಕೀಲು ನೆಲದಿಂದ ಎರಡು ಬೆರಳು ಮೇಲಿದೆ. ಹಾಗಾಗಿ ಬೋರಲು ಮಲಗಿದೆ. ಹಾಲಿನಲ್ಲಿ ಮಂಗಳಾರತಿಗೆ ತಟ್ಟೆ ಎತ್ತಿದರು. ನಾನು ಕೊಳವೆಯನ್ನು ತುಟಿಗೆ ಹಿಡಿದು ಊದಿದೆ. ಗಾಳಿ ಹೋಗಲಿಲ್ಲ, ವಾಪಸ್ಸು ಬಂದು ಕೆನ್ನೆ ಉಬ್ಬಿಸಿತು. ಉಸಿರು ತುಂಬಿಕೊಂಡು ಮತ್ತೆ ಊದಿದೆ. ಕಿವಿಯಲ್ಲಿ ಏನೋ ತೆರೆದುಕೊಂಡಿತು, ಕೊಳವೆಯಲ್ಲಿ ತೆರೆದುಕೊಳ್ಳಲಿಲ್ಲ. ಕೃಷ್ಣರಾವ್ ಪಾರ್ಕಿನಲ್ಲಿ ಕಲಿತ ಪ್ರಾಣಾಯಾಮವನ್ನೆಲ್ಲ ಒಟ್ಟುಗೂಡಿಸಿ, ಹೊಕ್ಕುಳಿನಿಂದ ಎತ್ತಿ, ಕಣ್ಣುಮುಚ್ಚಿ ಊದಿದಾಗ ಬಾಗಿಲೊಳಗಿಂದ ‘ಪೂಂ’ ಎಂದು ದೀರ್ಘವಾಗಿ ಒಂದು ನಾದ ಹೊರಟಿತು. ಹಾಲಿನಲ್ಲಿದ್ದ ಅಜ್ಜಿಯೊಬ್ಬರು ‘ಯಜಮಾನ್ರು ಶಂಖ ಊದ್ತಿದ್ದಾರೆ, ಎಲ್ರೂ ಎದ್ನಿಂತ್ಕೊಳ್ಳಿ’ ಎಂದರಂತೆ. ಎಲ್ಲರೂ ಎದ್ದರಂತೆ. ಅಷ್ಟರಲ್ಲಿ ಕೊನೇ ಮನೆಯವರು, ಮೈಸೂರು ಸಿಲ್ಕ್ ಉಟ್ಟವರು, ಕೋಸಂಬರಿಗೆ ಚಮಚ ಹುಡುಕುತ್ತಾ ಒಳಗೆ ಬಂದು ಸರಿಯಾಗಿ ಗೂಡಿನ ಎದುರು ನಿಂತಿದ್ದರು. ನೆಲದಲ್ಲಿದ್ದ ನನಗೆ ಅವರ ಕಾಲುಂಗುರವೂ ಕಂಡಿರಲಿಲ್ಲ. ನಾದ ಮುಗಿಯುತ್ತಲೇ ಒಂದು ಮಂಜಿನ ಗುಂಡು, ಅದರ ಹಿಂದೆ ಬಾಗಿಲೊಳಗೆ ಕೂತಿದ್ದ ಅಷ್ಟೂ ತಣ್ಣೀರು, ಅವರ ಬರಿಸೊಂಟಕ್ಕೆ ರಪ್ಪನೆ ಹೊಡೆಯಿತು.

‘ಅಮ್ಮಾ!’ ಎಂದು ಅವರು ಚೀರಿ ಎರಡೂ ಕೈ ಮೇಲೆತ್ತಿ ಕುಣಿದರು.

ಆರತಿ ತಟ್ಟೆಯ ಎದುರು ಹೆಂಗಸೊಬ್ಬಳು ‘ಅಮ್ಮಾ’ ಎಂದು ಚೀರಿದರೆ ನಮ್ಮ ಜನಕ್ಕೆ ಅರ್ಥ ಒಂದೇ. ‘ಮೈಮೇಲೆ ಬಂತು!’ ಎಂದಿತು ಹಾಲು. ಯಾರೋ ಅರಿಸಿನದ ನೀರು ತಂದರು, ಇನ್ಯಾರೋ ಕುಂಕುಮ ಎರಚಿದರು, ಇಬ್ಬರು ಕಾಲಿಗೆ ಬಿದ್ದು ಮಗನಿಗೆ ಹೆಣ್ಣು ಯಾವಾಗ ಸಿಗುತ್ತದೆ ಎಂದು ವಿಚಾರಿಸಿದರು. ಒದ್ದೆ ಸೀರೆಯಲ್ಲಿ ಆಕೆ ಮಾತು ಹೊರಡದೆ ಫ್ರಿಜ್ಜಿನ ಕಡೆ ಬೆರಳು ತೋರಿಸಿದರು. ಎಲ್ಲರೂ ಅತ್ತ ನೋಡಿದರೆ ನಾನು ಅಡ್ಡಬಿದ್ದಿದ್ದೇನೆ. ‘ನೋಡಿ, ಯಜಮಾನ್ರು ಆಗ್ಲೇ ಸಾಷ್ಟಾಂಗ ಹಾಕ್ಬಿಟ್ಟಿದ್ದಾರೆ’ ಎಂದರು ಅಜ್ಜಿ, ಮೆಚ್ಚುಗೆಯಿಂದ. ಏಳುವುದೋ ಬೇಡವೋ ತಿಳಿಯದೆ ಇನ್ನಷ್ಟು ಹೊತ್ತು ಭಕ್ತಿಯಿಂದ ಹಾಗೇ ಬಿದ್ದಿದ್ದೆ. ಹೆಂಡತಿಯ ಪಾದಗಳು ಬಂದು ನನ್ನ ಮೂಗಿನ ಮುಂದೆ ನಿಂತವು. ಅವು ಏನೂ ಹೇಳಲಿಲ್ಲ. ಪಾದಗಳಿಗೂ ಮುಖಭಾವ ಇರುತ್ತದೆಂದು ಅವತ್ತು ಗೊತ್ತಾಯಿತು.

ಮಾರನೇ ದಿನ ನೆಲ ಒರೆಸುತ್ತಾ ಕೆಲಸದಾಕೆ ಕೇಳಿದಳು: ‘ಅಣ್ಣಾ, ಬಾಗ್ಲು ತೆಗುದ್ರೆ ಒಳಗೆ ಬಾಟ್ಲಿ ಸಿಗಲ್ವಾ?’

‘ಸಿಗತ್ತಮ್ಮ.’

‘ಮತ್ತೆ?’

ಇದಕ್ಕೆ ಉತ್ತರವಾಗಿ ವಾಲ್ವ್, ಕೀಲು, ಕೊಳವೆ ಎಲ್ಲ ವಿವರಿಸಹೊರಟವನು ನಡುವೆ ಸುಮ್ಮನಾದೆ. 2024ರ ಮಾರ್ಚ್ ನೆನಪಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಲ್ಲಿಗಳಿಗೆ ಏರೇಟರ್ ಸಿಕ್ಕಿಸಿ ಧಾರೆ ಸಣ್ಣದು ಮಾಡಿ ಎಂದಿತ್ತು. ನಾವು ಸಿಕ್ಕಿಸಿ, ಬೀದಿಗೆಲ್ಲ ಹೇಳಿಕೊಂಡು ಓಡಾಡಿದ್ದೆವು. ಈಕೆಯ ವಠಾರದ ಬೋರ್‌ವೆಲ್ ಆಗಲೇ ಬತ್ತಿತ್ತು. ಟ್ಯಾಂಕರು ಬರುವ ಹೊತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದ ದಿನ ಕೊಡ ಇಟ್ಟು ನಿಂತು ಕೆಲಸಕ್ಕೆ ತಡವಾಗಿ ಬರುತ್ತಿದ್ದಳು, ತಡವಾದ ದಿನ ನಾವು ಮುಖ ಗಂಟಿಕ್ಕುತ್ತಿದ್ದೆವು. ಸಂಜೆ ನಮ್ಮ ಸಂಪಿನಿಂದ ಎರಡು ಕ್ಯಾನ್ ತುಂಬಿಕೊಂಡು ಹೋಗುವಾಗ ‘ಇವತ್ತೂ ಬೇಕಾ?’ ಎಂದವನು ನಾನು. ಅವಳಿಗೆ ಅದು ನೆನಪಿದೆಯೋ ಇಲ್ಲವೋ, ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದಳು.

ಭಾನುವಾರ, ಆಗಸ್ಟ್ 10, ವರ್ಷಗಟ್ಟಲೆ ಇವತ್ತು ನಾಳೆ ಎನ್ನುತ್ತಿದ್ದ ಹಳದಿ ಮೆಟ್ರೊವೇ ಹೊರಟಿತು. ನಮ್ಮ ಫ್ರಿಜ್ಜಿನ ನೀರು ಹೊರಡಲಿಲ್ಲ. ಬಿರಟೆ ಕರಗಿದ್ದೇನೋ ನಿಜ, ಆದರೆ ಮತ್ತೆ ಅದೇ ‘ಗುಂಯ್’, ಅದೇ ನಾಲ್ಕು ಹನಿ. ಕೊನೆಗೆ ಮೆಕ್ಯಾನಿಕ್ ಬಂದ. ಮಂಡ್ಯದ ಹುಡುಗ. ಬಾಗಿಲು ಮುಟ್ಟಲಿಲ್ಲ, ನೆಲಕ್ಕೆ ಬೀಳಲಿಲ್ಲ.

‘ಪ್ರೆಷರ್ ಎಷ್ಟಿದೆ ಸಾರ್?’

‘ನೂರ ನಲವತ್ತು, ತೊಂಬತ್ತು. ಮಾತ್ರೆ ತಗೋತಾ ಇದ್ದೀನಿ.’

‘ನಿಮ್ದಲ್ಲ ಸಾರ್, ನೀರಿಂದು.’

ಮೀಟರು ಸಿಕ್ಕಿಸಿ ನೋಡಿದ: 5 ಪಿಎಸ್‌ಐ. ಬೇಕಾದ್ದು ಕನಿಷ್ಠ 20. ಭಾವಮೈದನ ಅಪಾರ್ಟ್‌ಮೆಂಟಿನಲ್ಲಿ ಪ್ರೆಷರ್ ಪಂಪು ನೀರನ್ನು ಕತ್ತು ಹಿಡಿದು ದಬ್ಬುತ್ತಿತ್ತು. ನಮ್ಮಲ್ಲಿ ತಾರಸಿಯಿಂದ ತನ್ನ ಪಾಡಿಗೆ ತಾನು ಇಳಿದು ಬರುತ್ತದೆ. ಆ ವಾಲ್ವಿನ ಸ್ವಭಾವವೇ ಹಾಗಂತೆ: ಕರೆಂಟು ಅಗುಳಿ ಮಾತ್ರ ಸಡಿಲಿಸುತ್ತದೆ, ಒಳಗಿನ ರಬ್ಬರ್ ಪರದೆಯನ್ನು ತಳ್ಳಿ ತೆರೆಯಬೇಕಾದದ್ದು ನೀರಿನದೇ ಬಲ. ಎರಡೂಕಾಲು ಅಡಿಗಿಂತ ಚೂರು ಹೆಚ್ಚಿನ ಎತ್ತರಕ್ಕೆ ಒಂದು ಪಿಎಸ್‌ಐ ಲೆಕ್ಕ. ಅಂದರೆ ಟ್ಯಾಂಕು ಫ್ರಿಜ್ಜಿಗಿಂತ 46 ಅಡಿ ಮೇಲಿರಬೇಕು. ತಾರಸಿಗೆ ಹೋಗಿ ಕತ್ತೆತ್ತಿ ನೋಡಿದೆ. ಇನ್ನು ಮೂರು ಮಹಡಿ ಎಬ್ಬಿಸಿ ಅದರ ಮೇಲೆ ಟ್ಯಾಂಕು ಇಟ್ಟರೆ ಬಗೆಹರಿಯುತ್ತದೆ. ಬಾಡಿಗೆಯೂ ಬರುತ್ತದೆ ಎಂದು ಹೆಂಡತಿಗೆ ಹೇಳಿದೆ. ಡ್ರೈಯರ್ ಎಲ್ಲಿ ಎಂದಷ್ಟೇ ಕೇಳಿದಳು.

ಬನಶಂಕರಿಯಲ್ಲಿ ಹಸಿರು ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿಳಿದು, ಎಸ್‌ಪಿ ರಸ್ತೆ ಸುತ್ತಿ, ಆರ್‌ಒ ಯಂತ್ರಕ್ಕೆ ಹಾಕುವ 24 ವೋಲ್ಟಿನ ಪುಟ್ಟ ಬೂಸ್ಟರ್ ಪಂಪು ತಂದೆ. ಅದೇ ಹುಡುಗ ಕೂರಿಸಿಕೊಟ್ಟ. ನಾಲಗೆ ಒತ್ತಿದರೆ ಈಗ ಇಡೀ ಅಡುಗೆಮನೆ ಗೊರಗೊರ ನಡುಗಿ, ಲೋಟ ತುಂಬಿ, ಮುಂಗೈ ತೋಯುವಷ್ಟು ನೀರು ಬರುತ್ತದೆ. ಕರೆಂಟು ಹೋದಾಗ ಬಾಟ್ಲಿ.

ಗೌರಿ ಹಬ್ಬಕ್ಕೆ ಬಂದವರಿಗೆಲ್ಲ ನಾನೇ ಮುಂದೆ ನಿಂತು ಹಿಡಿದುಕೊಟ್ಟೆ. ‘ಫ್ರಿಜ್ ನೀರಾ? ಬೇಡಪ್ಪ, ಗಂಟಲು ಕಟ್ಟತ್ತೆ, ನಲ್ಲಿದೇ ಕೊಡಿ’ ಎಂದರು ಅಜ್ಜಿ. ಉಳಿದವರೂ ನಲ್ಲಿಯದನ್ನೇ ಕುಡಿದರು. ಕೊನೇ ಮನೆಯವರು ಮಾತ್ರ ನಲ್ಲಿಯ ತನಕವೂ ಬರಲಿಲ್ಲ. ಮನೆಯಿಂದ ಬಾಟ್ಲಿ ತಂದಿದ್ದರು. ಹೊರಡುವಾಗ ಡೈನಿಂಗ್ ಟೇಬಲ್ಲಿನ ಆಚೆಯಿಂದ ಸುತ್ತುಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು, ಫ್ರಿಜ್ಜಿನ ಮೇಲಿಟ್ಟ ಕಣ್ಣು ತೆಗೆಯದೆ, ಹಿಮ್ಮುಖವಾಗಿಯೇ ಬಾಗಿಲು ದಾಟಿದರು.