ಬೆಳ್ಳಕ್ಕಿ ಮಹಾಶಯರ ಸನ್ನಿಧಾನಕ್ಕೆ

ಗೆ,
ಬೆಳ್ಳಕ್ಕಿ ದಂಪತಿಗಳು,
ನೀರಿಗೆ ಬಾಗಿದ ಕೊಂಬೆ, ಕೆಳಗಿನಿಂದ ಮೂರನೇ ಗೂಡು,
ಮಂಡಗದ್ದೆ ನಡುಗಡ್ಡೆ, ತುಂಗಾ ನದಿ.
(ಕ್ಯಾಂಪ್: ಹೊಳೆಹೊನ್ನೂರು ರಸ್ತೆಯ ಗದ್ದೆ ಬದು)

ವಿಷಯ: ನಾವು ತೋರಿಸುತ್ತಿರುವ ಪ್ರೀತಿಗೆ ತಮ್ಮಿಂದ ಸೂಕ್ತ ಸ್ಪಂದನೆ ಬಾರದಿರುವ ಬಗ್ಗೆ.
ಉಲ್ಲೇಖ: ನಮ್ಮ ಫ್ಲೆಕ್ಸ್ ಮೇಲೆ ತಾವು ಹಾಕಿದ ಹಿಕ್ಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಶಿವಮೊಗ್ಗ ಹಾಗೂ ಭದ್ರಾವತಿಯ ಸಮಸ್ತ ಪಕ್ಷಿಪ್ರೇಮಿಗಳ ಪರವಾಗಿ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಾವು ತಮ್ಮನ್ನು ಪ್ರೀತಿಸುತ್ತೇವೆ. ಎಷ್ಟು ಸಲ ಹೇಳಿದರೂ ತಾವು ಕತ್ತು ನೀಳ ಮಾಡಿಕೊಂಡು ಆಚೆ ನೋಡುತ್ತೀರಿ. ಆದ್ದರಿಂದ ಈಗ ಬರಹದಲ್ಲಿ ಕೊಡುತ್ತಿದ್ದೇವೆ.

ಪ್ರತಿ ವರ್ಷ ಮಾರ್ಚ್ 20ಕ್ಕೆ ನಾವು ಗುಬ್ಬಚ್ಚಿ ದಿನ ಆಚರಿಸುತ್ತೇವೆ. 2010ರಿಂದ ಜಗತ್ತೇ ಆಚರಿಸುತ್ತಿರುವಾಗ ನಾವು ಹಿಂದೆ ಬೀಳಲಾದೀತೆ? ವೃತ್ತದಲ್ಲಿ ಮಾರುದ್ದದ ಫ್ಲೆಕ್ಸ್ ಕಟ್ಟುತ್ತೇವೆ. ನಡುವೆ ಮುಖಂಡರು, ಅವರ ಸುತ್ತ ಮರಿ ಮುಖಂಡರು, ತಳದ ಸಾಲಿನಲ್ಲಿ ಸ್ಟಾಂಪಿನ ಅಳತೆಗೆ ಇಳಿದ ಶುಭ ಕೋರುವವರು. ಮೂಲೆಯಲ್ಲಿ ಒಂದು ಹಕ್ಕಿ. ಕಿತ್ತಳೆ ಬಣ್ಣದ ಎದೆಯ, ದುಂಡನೆಯ ಆ ಹಕ್ಕಿ ಇಂಗ್ಲೆಂಡಿನ ಹಿತ್ತಿಲುಗಳದ್ದು. ನಮ್ಮ ಗಾಂಧಿ ಪಾರ್ಕಿಗೆ ಅದು ಈವರೆಗೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಡಿಟಿಪಿ ಹುಡುಗ ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಅಂಟಿಸಿದ. ಗುಬ್ಬಚ್ಚಿಗಳು ತಕರಾರು ತೆಗೆಯಲಿಲ್ಲ. ಅದನ್ನೇ ನಾವು ಸಮ್ಮತಿ ಅಂದುಕೊಂಡೆವು.

ಭಾಷಣ ಮುಗಿದ ಮೇಲೆ ನೀರಿನ ಬಾಟಲಿಯನ್ನು ಅಡ್ಡಕ್ಕೆ ಕೊಯ್ದು, ಎರಡು ತೂತು ಕೊರೆದು, ತಂತಿ ಪೋಣಿಸಿ, ಮರಕ್ಕೊಂದು ಮೊಳೆ ಹೊಡೆದು ನೇತುಹಾಕುತ್ತೇವೆ. ಫೋಟೋಕ್ಕೆ ನೀರು ಸುರಿಯುವಾಗ ಐದು ಕೈಗಳು ಒಂದೇ ಲೋಟವನ್ನು ಹಿಡಿದಿರುತ್ತವೆ. ಏಪ್ರಿಲ್ ಅರ್ಧ ಕಳೆದ ಮೇಲೆ ತಾವು ಅದೇ ಮರಕ್ಕೆ ಬಂದು ನೋಡಿದರೆ ಬಾಟಲಿಯ ತಳದಲ್ಲಿ ಎರಡು ಒಣಗಿದ ಎಲೆ, ನಾಲ್ಕು ಸತ್ತ ಇರುವೆ, ನೀರು ನಿಂತಿದ್ದ ಮಟ್ಟಕ್ಕೆ ಸುತ್ತಲೂ ಒಂದು ಬಿಳಿ ಗೆರೆ. ಆ ಗೆರೆಯವರೆಗೂ ಒಂದು ದಿನ ಪ್ರೀತಿ ತುಂಬಿತ್ತು ಎಂದು ತಾವೇ ಅರ್ಥ ಮಾಡಿಕೊಳ್ಳಬೇಕು.

ಈಗ ತಮ್ಮ ವಿಳಾಸದ ವಿಚಾರ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ, ರಸ್ತೆಯ ಮಗ್ಗುಲಲ್ಲೇ ಹರಿಯುವ ತುಂಗೆಯ ನಡುವೆ ಒಂದೆಕರೆ ಚಿಲ್ಲರೆ ಜಾಗ. ಮಳೆಗಾಲ ಹಿಡಿದ ಮೇಲೆ ತಾವೂ ನೀರುಕಾಗೆಗಳೂ ಹಾವಕ್ಕಿಗಳೂ ಅಲ್ಲಿ ಇಳಿದು, ಕೊಂಬೆಯೇ ಕಾಣದ ಹಾಗೆ ಗೂಡು ಕಟ್ಟಿ, ಅಕ್ಟೋಬರ್ ಹೊತ್ತಿಗೆ ಮರಿಗಳನ್ನು ಕರೆದುಕೊಂಡು ಹೊರಟುಬಿಡುತ್ತೀರಿ. ನಕ್ಷೆಗೆ ಮಂಜೂರಾತಿ ಇಲ್ಲ, ಇ-ಖಾತಾ ಇಲ್ಲ, ಸುತ್ತ ಬಿಡಬೇಕಾದ ಜಾಗ ಬಿಟ್ಟಿಲ್ಲ. ರಸ್ತೆಬದಿಯಲ್ಲಿ ನಿಂತು ನೋಡಿದ್ದೇವೆ: ಗಂಡು ಒಂದೊಂದೇ ಕಡ್ಡಿ ತರುತ್ತದೆ, ಹೆಣ್ಣು ಅದನ್ನು ಕೊಕ್ಕಿನಲ್ಲಿ ಇಸಿದುಕೊಂಡು ಅಲುಗಿಸಿ ಅಲುಗಿಸಿ ಸಿಕ್ಕಿಸುತ್ತದೆ, ಪಕ್ಕದ ಮನೆಯವರು ಆಚೆ ಹೋದಾಗ ಅವರ ಕಡ್ಡಿಯನ್ನೇ ಎಳೆದುಕೊಳ್ಳುತ್ತದೆ. ಈ ಕೊನೆಯದು ಮಾತ್ರ ನಮ್ಮ ಬಡಾವಣೆಗಳ ಪದ್ಧತಿಗೆ ಅನುಗುಣವಾಗಿದೆ. ಇಷ್ಟೆಲ್ಲ ಮಾಡಿ ಎದ್ದ ಕಟ್ಟಡವೋ, ಕೆಳಗೆ ನಿಂತವರಿಗೆ ಕಡ್ಡಿಗಳ ಸಂದಿಯಿಂದ ತಿಳಿನೀಲಿ ಮೊಟ್ಟೆ ಕಾಣಿಸುವಷ್ಟು ತೆಳು. ನಮ್ಮ ಗುತ್ತಿಗೆದಾರರು ಸಹ ಇಷ್ಟು ಧೈರ್ಯ ಮಾಡುವುದಿಲ್ಲ.

ವಾಸನೆಯ ಬಗ್ಗೆಯೂ ದೂರುಗಳಿವೆ. ಆಗುಂಬೆಗೆ ಹೊರಟ ಪ್ರವಾಸಿಗರು ಇಳಿದು, ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಸೆಲ್ಫಿ ತೆಗೆದುಕೊಳ್ಳಬೇಕಾಗಿದೆ.

ಗಾಜನೂರಿನಲ್ಲಿ ಹಳೆಯ ಒಡ್ಡಿನ ಬಳಿಯೇ ತುಂಗಾ ಮೇಲ್ದಂಡೆ ಯೋಜನೆಯ ಎತ್ತರದ ಅಣೆಕಟ್ಟು ಬಂದ ಮೇಲೆ ಹಿನ್ನೀರು ಮೇಲೇರಿದೆ ಎಂಬುದು ತಮಗೆ ಗೊತ್ತಿರಬೇಕು. ಗೊತ್ತಿರದಿದ್ದರೆ ಜುಲೈನಲ್ಲಿ ಗೊತ್ತಾಗುತ್ತದೆ. ಶೃಂಗೇರಿ ಕಡೆ ಮಳೆ ಜಡಿದು ಹೊಳೆ ಉಬ್ಬಿದಾಗ ತಗ್ಗಿನ ಕೊಂಬೆಯ ಗೂಡುಗಳು ಮೊಟ್ಟೆ ಸಮೇತ ಮುಳುಗುತ್ತವೆ. ಆ ಹೊತ್ತಿಗೆ ನಾವು ತುಂಬಿದ ತುಂಗೆಗೆ ಬಾಗಿನ ಅರ್ಪಿಸುವುದರಲ್ಲಿ ಮಗ್ನರಾಗಿರುತ್ತೇವೆ. ಮಳೆಗೆ ಮನೆ ಬಿದ್ದವರಿಗೆ ಸರ್ಕಾರದಲ್ಲಿ ಪರಿಹಾರವೇನೋ ಉಂಟು. ತಾವು ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಹಾನಿಗೆ ಮುಂಚಿನ ಮನೆಯ ಫೋಟೋದೊಂದಿಗೆ ನಾಡಕಚೇರಿಗೆ ಬಂದರೆ ಮುಂದಿನದು ನೋಡೋಣ.

ತಮ್ಮ ಕುಲಕ್ಕೆ ಈ ಜಿಲ್ಲೆಯಲ್ಲಿ ದೊಡ್ಡ ಶಿಫಾರಸು ಇದೆ ಎಂಬುದನ್ನು ನಾವು ಮರೆತಿಲ್ಲ. ತೀರ್ಥಹಳ್ಳಿ ಬಳಿಯ ಸಿಬ್ಬಲುಗುಡ್ಡೆಯಲ್ಲಿ ತುಂಗೆಯ ಮೇಲೆ ಸಾಲಾಗಿ ಹಾರಿದ ಬೆಳ್ಳಕ್ಕಿಗಳನ್ನು ಕಂಡು ಕುವೆಂಪು ‘ದೇವರು ರುಜು ಮಾಡಿದನು’ ಎಂಬ ಕವಿತೆ ಬರೆದರು. ನಮ್ಮ ಮಕ್ಕಳು ಅದನ್ನು ಕಂಠಪಾಠ ಮಾಡಿ ಬಹುಮಾನ ತರುತ್ತಾರೆ. ಆದರೆ ಕಚೇರಿಯ ದೃಷ್ಟಿಯಿಂದ ನೋಡಿ: ರುಜು ಇದೆ, ಮೊಹರಿಲ್ಲ, ದಿನಾಂಕವಿಲ್ಲ. ಕಡತ ಹೀಗಾಗಿ ಮುಂದೆ ಸಾಗಿಲ್ಲ.

ಬದಲಿಗೆ ನಾವು ಕವಿಗೆ ಸಲ್ಲಬೇಕಾದ ಗೌರವವನ್ನು ಬೇರೆ ರೀತಿಯಲ್ಲಿ ಸಲ್ಲಿಸಿದ್ದೇವೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಕಟ್ಟಿ ಅದಕ್ಕೆ ಅವರ ಹೆಸರಿಟ್ಟೆವು. 2023ರ ಫೆಬ್ರುವರಿ 27ರಂದು ಪ್ರಧಾನಿಗಳೇ ಬಂದು ಉದ್ಘಾಟಿಸಿದರು. ಮೇಲಿನಿಂದ ನೋಡಿದರೆ ಟರ್ಮಿನಲ್ ಕಮಲದ ಹಾಗೆ ಕಾಣುತ್ತದೆ. ಮೇಲಿನಿಂದ ನೋಡುವ ಸೌಲಭ್ಯ ತಮಗಿರುವುದರಿಂದ ಬೇಕೆಂದೇ ಹೇಳುತ್ತಿದ್ದೇವೆ. ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಇಳಿಯಿತು. ಆದರೆ ಹತ್ತಿರ ಬರಬೇಡಿ. ಇಂಜಿನ್ನಿಗೆ ಒಂದು ಹಕ್ಕಿ ಬಡಿದರೆ ಇಡೀ ವಿಮಾನಕ್ಕೆ ಗಂಡಾಂತರ. ಹಕ್ಕಿ ಮುತ್ತುವಂತೆ ನಿಲ್ದಾಣದ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ಕಸ ಸುರಿಯಬಾರದು, ಪ್ರಾಣಿ ಕಡಿಯಬಾರದು ಎಂದು 1937ರ ವಿಮಾನ ನಿಯಮಗಳ 91ನೇ ನಿಯಮ ಸ್ಪಷ್ಟವಾಗಿ ಹೇಳಿತ್ತು. ಸೋಗಾನೆಯಿಂದ ಅಂಥ ವರ್ತುಲ ಎಳೆದರೆ ನಮ್ಮ ಊರುಗಳ ಎಷ್ಟೋ ಕಸದ ರಾಶಿಗಳು ಒಳಗೇ ಬರುತ್ತವೆ. ನಿಜ ಹೇಳಬೇಕೆಂದರೆ, ವರ್ಷದ ಮುನ್ನೂರರವತ್ತೈದು ದಿನವೂ ತಪ್ಪದೆ ನಡೆಸಿಕೊಂಡು ಬಂದ ಪಕ್ಷಿ ಕಲ್ಯಾಣ ಕಾರ್ಯಕ್ರಮವೆಂದರೆ ಅದೊಂದೇ. ಹಕ್ಕಿಯ ಸಾಲಿನಲ್ಲಿ ದೇವರ ರುಜು ಕಂಡ ಕವಿಯ ಹೆಸರಿನ ಜಾಗದಲ್ಲಿ ಹಕ್ಕಿಯ ಸಾಲು ಕಂಡರೆ ಪಟಾಕಿ ಹೊಡೆದು ಓಡಿಸಬೇಕು. ಸುರಕ್ಷತೆ, ಏನು ಮಾಡಲಾದೀತು. ಇದರಲ್ಲಿ ನಾವೂ ತಕರಾರು ತೆಗೆಯುವ ಹಾಗಿಲ್ಲ.

ಭದ್ರಾವತಿಯ ಕಡೆಗೆ ಬರೋಣ. ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಇದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ, ಏಕೆಂದರೆ ಮಳೆಗಾಲವಿಡೀ ಪತ್ರಿಕೆಯಲ್ಲಿ ಅದೇ ಅಂಕಿ. ಬೇಸಗೆಗೆ ನಾಲೆಗೆ ನೀರು ಬಿಡುತ್ತ ಬಂದ ಹಾಗೆ ಹಿನ್ನೀರಿನಲ್ಲಿ ಬೋಳು ನಡುಗಡ್ಡೆಗಳು ಏಳುತ್ತವೆ. ಅಲ್ಲಿ ತಮ್ಮ ದೂರದ ನೆಂಟರಾದ ರಿವರ್ ಟರ್ನ್‌ಗಳು ಕಿಕ್ಕಿರಿದು ಸೇರುತ್ತವೆ. ಹಳದಿ ಕೊಕ್ಕು, ಕರಿ ಟೋಪಿ. ಗೂಡು ಕಟ್ಟುವ ಗೊಡವೆಯೇ ಇಲ್ಲ. ಕಲ್ಲುಚೂರಿನ ನೆಲದಲ್ಲಿ ಒಂದು ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಬಿಸಿಲಿಗೆ ಮೊಟ್ಟೆ ಬೇಯಬಾರದೆಂದು ಹೊಳೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೇಲೆ ಕೂರುತ್ತವೆ. ಜಾಗತಿಕ ಪಟ್ಟಿಯಲ್ಲಿ ಈ ಹಕ್ಕಿ ಅಳಿವಿನ ಅಪಾಯಕ್ಕೆ ಸಿಕ್ಕಿದವುಗಳ ಸಾಲಿಗೆ ಸೇರಿದೆ. ನಮಗೆ ಇದು ಗೊತ್ತಾದ ಕೂಡಲೇ ಕ್ಯಾಮೆರಾ ತೆಗೆದುಕೊಂಡು ದೋಣಿ ಹತ್ತಿದೆವು. ದೋಣಿ ಹತ್ತಿರವಾದಾಗ ತಾಯಿ ಹಕ್ಕಿ ಮೇಲೇಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಫೋಟೋ ಮಾತ್ರ ಬಹಳ ಚೆನ್ನಾಗಿ ಬರುತ್ತದೆ.

ಆ ನಡುಗಡ್ಡೆ ಎಷ್ಟು ದಿನ ನೀರಿನ ಮೇಲಿರಬೇಕು ಎಂಬುದು ನಿಸರ್ಗದ ಕೈಯಲ್ಲಿಲ್ಲ. ನಾಲೆಗೆ ಎಂದು ನೀರು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ದಾವಣಗೆರೆ ಕಡೆಯ ರೈತರು ಒಂದು ದಿನಾಂಕ ಕೇಳುತ್ತಾರೆ, ನಮ್ಮ ಕಡೆಯವರು ಇನ್ನೊಂದು. ಬಲದಂಡೆ, ಎಡದಂಡೆ ಎಂದು ಕೂಗಾಟವಾಗುತ್ತದೆ. ಕೂಗಾಟದಲ್ಲಿ ತಮ್ಮ ನೆಂಟರಿಗೆ ನಮ್ಮೆಲ್ಲರಿಗಿಂತ ದೊಡ್ಡ ಗಂಟಲಿದೆ. ಆದರೂ ಒಂದು ಸಭೆಗೂ ಪ್ರತಿನಿಧಿಯನ್ನು ಕಳಿಸಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರ ಅಹವಾಲನ್ನು ಯಾರು ದಾಖಲಿಸಿಕೊಳ್ಳಬೇಕು?

ಊಟದ ವಿಷಯದಲ್ಲಿ ತಾವು ಸ್ವಲ್ಪ ಹೊಂದಿಕೊಳ್ಳಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ಕಪ್ಪೆ, ಏಡಿ, ಸಣ್ಣ ಮೀನು ಹೆಕ್ಕಿ ತಾವು ಬದುಕುತ್ತಿದ್ದಿರಿ. ಆ ಗದ್ದೆಗಳಲ್ಲಿ ಎಷ್ಟೋ ಈಗ ಅಡಿಕೆ ತೋಟ. ಭತ್ತಕ್ಕೆ ಬೆಲೆ ಇಲ್ಲ, ನಾಟಿಗೆ ಆಳಿಲ್ಲ, ಅಡಿಕೆಗೆ ಬೆಲೆ ಇದೆ. ರೈತನನ್ನು ದೂರಿ ಪ್ರಯೋಜನವಿಲ್ಲ. ತಾವು ಅಡಿಕೆ ಜಗಿಯುವುದನ್ನು ಕಲಿತರೆ ಸಮಸ್ಯೆ ಅಲ್ಲಿಗೇ ಮುಗಿಯಿತು. ಕಾಡಿನ ಕಡೆ ಹೋಗೋಣವೆಂದರೆ, 1936ರಲ್ಲಿ ಹುಟ್ಟಿದ ಪೇಪರ್ ಮಿಲ್ಲಿಗೆಂದು ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಸಾಲಾಗಿ ನಿಂತಿವೆ. ಮಿಲ್ಲು ನಿಂತು ವರ್ಷಗಳಾದವು, ತೋಪು ಉಳಿಯಿತು. ಹಣ್ಣಿಲ್ಲ, ಪೊಟರೆಯಿಲ್ಲ, ಆದರೆ ಹಸಿರಾಗಿದೆ. ಅಂಕಿಅಂಶಕ್ಕೆ ಅಷ್ಟು ಸಾಕು. ಹಾಗೆ ನೋಡಿದರೆ ಭದ್ರಾವತಿಯಲ್ಲಿ ಹಕ್ಕಿಗಳಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ನಮ್ಮ ನಿಷ್ಕ್ರಿಯತೆ. ಪೇಪರ್ ಟೌನಿನ ಖಾಲಿ ಕ್ವಾರ್ಟರ್ಸ್‌ಗಳ ಹಳೆಯ ಮರಗಳಲ್ಲಿ ಗೊರವಂಕಗಳು ಬಾಡಿಗೆ ಕೊಡದೆ ಕೂತಿವೆ.

ಕಾಯ್ದೆ ಏನು ಹೇಳುತ್ತದೆ ಎಂದು ತಮ್ಮಲ್ಲಿ ಯಾರಾದರೂ ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದು ಎರಡೂ ಬೇಟೆಯ ಲೆಕ್ಕಕ್ಕೇ ಬರುತ್ತವೆ. ಇದನ್ನು ಅಕ್ಷರಶಃ ಹಿಡಿದುಕೊಂಡು ಹೊರಟರೆ ಮಳೆಗೆ ಮುಂಚೆ ತಂತಿಗೆ ತಾಗುತ್ತದೆಂದು ಗೂಡಿನ ಕೊಂಬೆ ಕಡಿದವರು, ರಸ್ತೆ ಅಗಲಕ್ಕೆ ಮರ ಉರುಳಿಸಿದ ಜೆಸಿಬಿಯವರು ಎಲ್ಲರೂ ಬೇಟೆಗಾರರೇ ಆಗಿಬಿಡುತ್ತಾರೆ. ಮರ ಕಡಿಯಲು ಅನುಮತಿ ಬೇಕೆನ್ನುವ ರಾಜ್ಯದ ಕಾಯ್ದೆಯೂ 1976ರಿಂದ ಇದೆ. ಮರದ ಜಾತಿ ಕೇಳುತ್ತೇವೆ, ಸುತ್ತಳತೆ ಕೇಳುತ್ತೇವೆ. ಮೇಲೆ ಯಾರಿದ್ದಾರೆ ಎಂದು ಕೇಳುವ ರೂಢಿ ಬೆಳೆದಿಲ್ಲ. ಕೇರಳದ ಮಲಪ್ಪುರಂನಲ್ಲಿ 2022ರ ಸೆಪ್ಟೆಂಬರಿನಲ್ಲಿ ಹೆದ್ದಾರಿಗೆಂದು ಗೂಡು ತುಂಬಿದ ಮರ ಬೀಳಿಸಿದಾಗ ಮರಿಗಳು ನೆಲಕ್ಕಪ್ಪಳಿಸಿ ಸತ್ತವು. ಯಾರೋ ವಿಡಿಯೊ ಮಾಡಿದ್ದರಿಂದ ಕೇಸಾಯಿತು. ವಿಡಿಯೊ ಆಗದ ಕಡೆ ಬಿದ್ದದ್ದು ಬರೀ ಮರ.

ತಮ್ಮನ್ನು ಮೆಚ್ಚಿದವರಲ್ಲಿ ನಾವೇ ಮೊದಲಿಗರೂ ಅಲ್ಲ. ಸಂತಾನದ ಕಾಲಕ್ಕೆ ತಮ್ಮ ಬೆನ್ನಿನಲ್ಲಿ ಮೂಡುವ ಆ ಜಾಲರಿಯಂಥ ಗರಿಯನ್ನು ಯುರೋಪಿನ ಹೆಂಗಸರು ಎಷ್ಟು ಮೆಚ್ಚಿದರೆಂದರೆ, ಹತ್ತೊಂಬತ್ತನೇ ಶತಮಾನದಲ್ಲಿ ಟೋಪಿಗೆ ಸಿಕ್ಕಿಸಿಕೊಳ್ಳಲು ಗೂಡಿನ ಮೇಲಿದ್ದವರನ್ನೇ ಕೊಂದು ಹಡಗು ತುಂಬುತ್ತಿದ್ದರು. ಅದನ್ನು ನಿಲ್ಲಿಸಲು 1889ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಕಟ್ಟಿದವರೂ ಹೆಂಗಸರೇ. ಅವರ ಮುಖ್ಯ ಬೇಡಿಕೆ: ಗರಿ ಮುಡಿಯಬೇಡಿ. ನಮ್ಮಲ್ಲೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರನ್ನು ನೋಡಿ. ಊರೊಳಗಿನ ಹುಣಸೆ ಮರಕ್ಕೆ ಹೆಜ್ಜಾರ್ಲೆ, ಕೊಕ್ಕರೆ ಬಂದರೆ ಹೆರಿಗೆಗೆ ಬಂದ ಮಗಳು ಎನ್ನುತ್ತಾರೆ; ಗೂಡಿರುವ ಮರದ ಹುಣಸೆ ಬಡಿಯುವುದಿಲ್ಲ, ಮರ ಕಡಿಯುವುದಿಲ್ಲ. ಹಕ್ಕಿಗೆ ಬೇಕಾದ್ದು ಹೆಚ್ಚುಕಡಿಮೆ ಇಂಥವೇ: ನಾಲ್ಕು ತಿಂಗಳು ಕೊಂಬೆಗೆ ಕೈ ಹಚ್ಚದಿರುವುದು, ನಡುಗಡ್ಡೆಯ ಬಳಿ ದೋಣಿ ನಿಲ್ಲಿಸದಿರುವುದು, ಕೆರೆಯ ಅಂಚಿನ ಜೊಂಡನ್ನು ಅಭಿವೃದ್ಧಿ ಪಡಿಸದಿರುವುದು. ನಮ್ಮ ತೊಂದರೆಯನ್ನೂ ತಾವು ಅರಿಯಬೇಕು. ಮಾಡದೇ ಇರುವ ಕೆಲಸಕ್ಕೆ ಟೆಂಡರ್ ಕರೆಯಲಾಗದು, ಬಿಲ್ ಬರೆಯಲಾಗದು, ಟೇಪು ಕತ್ತರಿಸಲಾಗದು. ಕಡಿಯದ ಮರದ ಮುಂದೆ ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

ಕಾಗೆಗಳಿಂದ ತಾವು ತಾಳ್ಮೆ ಕಲಿಯಬೇಕೆಂಬುದು ನಮ್ಮ ಸವಿನಯ ಸಲಹೆ. 2022ರ ತಿದ್ದುಪಡಿಯವರೆಗೂ ಊರುಕಾಗೆ ವನ್ಯಜೀವಿ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಲಿ, ಬಾವಲಿಗಳ ಜೊತೆ ಪೀಡೆಯ ಪಟ್ಟಿಯಲ್ಲಿತ್ತು. ಅಷ್ಟೂ ವರ್ಷ ನಾವು ಕೂಡ್ಲಿಯ ಸಂಗಮದಲ್ಲಿ ಪಿಂಡವಿಟ್ಟು, ಒದ್ದೆ ಪಂಚೆಯಲ್ಲಿ ನಡುಗುತ್ತ, ಆ ಪೀಡೆ ಬಂದು ಮುಟ್ಟಲೆಂದು ಕೈ ಮುಗಿದು ಕಾಯುತ್ತಿದ್ದೆವು. ಅವು ಒಂದು ದಿನವಾದರೂ ಪಟ್ಟಿಯ ವಿಷಯ ಎತ್ತಲಿಲ್ಲ. ಬಂದವು, ವಡೆ ಕಚ್ಚಿಕೊಂಡು ಹೋದವು.

ಕೊನೆಯದಾಗಿ, ಈ ವರ್ಷವೂ ವನಮಹೋತ್ಸವ ಜುಲೈ ಮೊದಲ ವಾರದಲ್ಲೇ ಇದೆ. ಕಳೆದ ವರ್ಷ ನೆಟ್ಟ ಗುಂಡಿಯಲ್ಲೇ ನೆಡುತ್ತೇವೆ. ಅದು ಮರವಾದ ಮೇಲೆ ತಮಗೆ ತಿಳಿಸಲಾಗುವುದು. ಅಲ್ಲಿಯವರೆಗೆ ತಮ್ಮ ಕುಟುಂಬವು ಗೂಡು ಕಟ್ಟುವುದನ್ನು ಮುಂದೂಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಕ್ಷಿಪ್ರೇಮಿ, ಶಿವಮೊಗ್ಗ
(ಭದ್ರಾವತಿಯ ಪ್ರೇಮಿಗಳ ಪರವಾಗಿಯೂ)

ಪ್ರತಿಗಳು: ಭದ್ರಾ ಹಿನ್ನೀರಿನ ರಿವರ್ ಟರ್ನ್‌ಗಳಿಗೆ, ನಡುಗಡ್ಡೆ ನೀರಿನಿಂದ ಮೇಲೆದ್ದ ನಂತರ ತಲುಪಿಸತಕ್ಕದ್ದು. ಊರುಕಾಗೆಗಳಿಗೆ, ಪಿತೃಪಕ್ಷದೊಳಗೆ ಉತ್ತರಿಸುವಂತೆ ಸೂಚಿಸಿ. ಕಚೇರಿ ಪ್ರತಿ: ಹತ್ತಿರದ ಯಾವುದಾದರೂ ಮರಕ್ಕೆ ಮೊಳೆ ಹೊಡೆದು ಅಂಟಿಸುವುದು.