ಅಟ್ಟ ಮೇಲೆ ಉರಿಯುವ ಒಲೆ

ಆಟಗಾರನನ್ನು ಆರಿಸಿಕೊಳ್ಳುವುದು ತಂಡದ ಒಡೆಯರ ಕೆಲಸ. ಆ ಆಯ್ಕೆ ಹೇಗೆ ತಪ್ಪಾಯಿತೆಂಬುದನ್ನು ಐದಾರು ವರ್ಷಗಳ ನಂತರ ಸಪ್ರಮಾಣವಾಗಿ ಸ್ಥಾಪಿಸುವುದು ಊರಿನವರ ಕೆಲಸ. ಈ ಶ್ರಮವಿಭಜನೆ ಕ್ರೀಡಾಪ್ರಿಯ ನಗರಗಳಲ್ಲೆಲ್ಲ ಇದ್ದದ್ದೇ ಆದರೂ, ಅದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಕೀರ್ತಿ ದಾವಣಗೆರೆಗೂ ಅದರ ಮಗ್ಗುಲಿನ ಹರಿಹರಕ್ಕೂ ಸಲ್ಲಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಕಟ್ಟಿದವರು ಅದನ್ನು ನಿಂದೆಯ ಮಾತಾಗಿಯೇ ಆಡಿರಬೇಕು. ಈ ಎರಡು ಊರುಗಳ ಕ್ರಿಕೆಟ್ ವಿದ್ವಾಂಸರಾದರೋ ಅದನ್ನು ಸಂಶೋಧನಾ ವಿಧಾನವಾಗಿ ಅಂಗೀಕರಿಸಿ, ಬೆಣ್ಣೆದೋಸೆಯ ತಟ್ಟೆಯ ಮುಂದೆ ಕುಳಿತು ದಿನವೂ ಅಭ್ಯಾಸ ಮಾಡುತ್ತ ಬಂದಿದ್ದಾರೆ.

ಈ ಶಾಸ್ತ್ರದ ಮೂಲಪಾಠ ಮಾತ್ರ ಹಿಮದ ನಾಡಿನದು. ಉತ್ತರ ಅಮೆರಿಕದ ಐಸ್ ಹಾಕಿ ಸಂಘಟನೆಯಾದ ಎನ್‌ಎಚ್‌ಎಲ್ 1963ರಿಂದ ಡ್ರಾಫ್ಟ್ ಎಂಬ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಡ್ರಾಫ್ಟ್ ಎಂದರೆ ಹರಾಜಿನಂತೆ ಹಣ ಕೂಗದೆ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಎಳೆಯ ಆಟಗಾರನನ್ನು ತಮ್ಮ ಪಾಲಿಗೆ ಬರೆಸಿಕೊಳ್ಳುವ ಕ್ರಮ. ಅದರಲ್ಲಿ ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೇ ಮುಂದಿನ ಸಾಲಿನ ಮರ್ಯಾದೆ. 1993ರಲ್ಲಿ ಒಟ್ಟಾವಾ ತಂಡ ಈ ಮರ್ಯಾದೆಯಿಂದ ಮೊದಲ ಸರದಿ ಪಡೆದು, ಅಲೆಕ್ಸಾಂಡ್ರ್ ಡೈಗ್ಲ್ ಎಂಬ ಹದಿನೆಂಟರ ಹುಡುಗನನ್ನು ಆರಿಸಿಕೊಂಡು, ಅವನೊಡನೆ ಐದು ವರ್ಷಕ್ಕೆ 1.225 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. ಎರಡನೆಯವನಾಗಿ ಆಯ್ಕೆಯಾದವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬರ್ಥದ ಮಾತನ್ನು ಆ ಹುಡುಗ ಆಡಿದ್ದೂ ಆಯಿತು. ಎರಡನೆಯವನಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ 2000ದಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿ, 2015ರಲ್ಲಿ ಹಾಕಿಯ ಕೀರ್ತಿಮಂದಿರವನ್ನು ಸೇರಿದನು. ಡೈಗ್ಲ್ 616 ಪಂದ್ಯಗಳನ್ನು ಆಡಿದನಾದರೂ, ಬಹುಮಂದಿ ಆಟಗಾರರು ಕನಸಿನಲ್ಲಿಯೂ ಮುಟ್ಟದ ಆ ಸಂಖ್ಯೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಸಂಬಳ ಎಬ್ಬಿಸಿದ ಗದ್ದಲದ ಬಳಿಕ, 1995ರಲ್ಲಿ ಹೊಸಬರ ವೇತನಕ್ಕೇ ಮಿತಿ ಹಾಕಲಾಯಿತು.

ಭಾರತದ ಕ್ರಿಕೆಟ್ಟಿನಲ್ಲಿಯೂ ಡ್ರಾಫ್ಟ್ ಒಮ್ಮೆ ನಡೆದದ್ದುಂಟು. 2008ರಲ್ಲಿ ಐಪಿಎಲ್ ಆರಂಭವಾದಾಗ, ಹತ್ತೊಂಬತ್ತರೊಳಗಿನ ವಿಶ್ವಕಪ್ ಗೆದ್ದು ಬಂದಿದ್ದ ಹುಡುಗರನ್ನು ಈ ಕ್ರಮದಲ್ಲಿಯೇ ಹಂಚಲಾಯಿತು. ಸೆಹ್ವಾಗ್, ಗಂಭೀರ್, ಧವನ್ ಮೊದಲಾದ ಬ್ಯಾಟುಗಾರರಿಂದ ಆಗಲೇ ತುಂಬಿ ತುಳುಕುತ್ತಿದ್ದ ದೆಹಲಿ ತಂಡ, ತನಗೆ ಬೇಕಾದದ್ದು ಬೌಲರ್ ಎಂದು ನ್ಯಾಯವಾಗಿಯೇ ಯೋಚಿಸಿ, ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ರನ್ನು ಆರಿಸಿಕೊಂಡಿತು. ಮಿಕ್ಕ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ದೆಹಲಿಯ ತರ್ಕದಲ್ಲಿ ಅಂದು ದೋಷವಿರಲಿಲ್ಲ. ದೋಷ ಅನಂತರ ಹುಟ್ಟಿಕೊಂಡಿತು, ವರ್ಷದಿಂದ ವರ್ಷಕ್ಕೆ ಬೆಳೆಯಿತು. ತರ್ಕಶಾಸ್ತ್ರದಲ್ಲಿ ಇಂಥ ದೋಷಕ್ಕೆ ಲಕ್ಷಣ ಹೇಳಿದವರಿಲ್ಲವಾದ್ದರಿಂದ ಆ ಕೊರತೆಯನ್ನು ಕ್ರಿಕೆಟ್ ಪ್ರೇಮಿಗಳೇ ತುಂಬಿಕೊಡಬೇಕಾಗಿದೆ.

ದಾವಣಗೆರೆಯ ವಿದ್ವಾಂಸರಿಗೆ ದೆಹಲಿಯ ಗೊಡವೆ ಬೇಕಿಲ್ಲ. ಅವರ ಅಧ್ಯಯನದ ವಸ್ತು ಮನೆಯಂಗಳದಲ್ಲಿಯೇ ಇದೆ. 1984ರ ಫೆಬ್ರವರಿ 12ರಂದು ದಾವಣಗೆರೆಯಲ್ಲಿ ಹುಟ್ಟಿ, ಕರ್ನಾಟಕದ ಪರವಾಗಿ ವರ್ಷಗಟ್ಟಲೆ ಹೊಸ ಚೆಂಡನ್ನು ಹಿಡಿದ ಆರ್. ವಿನಯ್ ಕುಮಾರ್ ಅವರನ್ನು ಜನ ಪ್ರೀತಿಯಿಂದ ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಕರೆದರು. ಗಂಟೆಗೆ 161 ಕಿಲೋಮೀಟರ್ ವೇಗ ಮುಟ್ಟಿದ ರಾವಲ್ಪಿಂಡಿ ಎಕ್ಸ್‌ಪ್ರೆಸ್ ಶೋಯೆಬ್ ಅಖ್ತರ್‌ಗೆ ಹೋಲಿಸಿದರೆ ಮಧ್ಯಮ ವೇಗದ ಈ ಬೌಲರ್ ಹರಿಹರ, ರಾಣೆಬೆನ್ನೂರುಗಳಲ್ಲೆಲ್ಲ ನಿಂತು ಹೋಗುವ ಬಗೆಯ ಗಾಡಿಯೇ ಸರಿ. ಆದರೆ ಗಾಡಿ ತಡವಾಗುತ್ತಿರಲಿಲ್ಲ. ಚೆಂಡಿನ ಎರಡು ಅರ್ಧಗಳನ್ನು ಕೂಡಿಸುವ ಹೊಲಿಗೆಯ ಇಕ್ಕೆಲಗಳಲ್ಲಿ ತೋರುಬೆರಳು, ನಡುಬೆರಳುಗಳನ್ನಿರಿಸಿ, ಆ ಹೊಲಿಗೆ ಗಾಳಿಯಲ್ಲಿ ನೆಟ್ಟಗೆ ನಿಲ್ಲುವಂತೆ ಬಿಟ್ಟು, ಚೆಂಡು ಬಲಗೈ ಬ್ಯಾಟುಗಾರನಿಂದ ಕೊನೆಯ ಗಳಿಗೆಯಲ್ಲಿ ಒಂದಿಷ್ಟು ಹೊರಗೆ ಸರಿಯುವ ಹಾಗೆ ಮಾಡುವುದು ಅವರ ವಿದ್ಯೆ. ಬೆಳಗಿನ ತಂಪಿನಲ್ಲಿ, ಕೆಂಪು ಚೆಂಡಿನಲ್ಲಿ, ಐದು ದಿನಗಳ ಪುರುಸೊತ್ತಿನಲ್ಲಿ ಫಲ ಕೊಡುವ ಇಂಥ ವಿದ್ಯೆಗೆ, ಹೊನಲು ಬೆಳಕಿನಡಿ ಇಪ್ಪತ್ತೇ ಓವರುಗಳಲ್ಲಿ ಮುಗಿದುಹೋಗುವ ಆಟದ ಪೇಟೆ ಬೆಲೆ ಕಟ್ಟಲು ಹೊರಟಿತೆಂಬುದೇ ಮುಂದಿನ ಗೊಂದಲಕ್ಕೆಲ್ಲ ಮೂಲ.

ಬೆಲೆ ಕಟ್ಟುವ ವಿಷಯದಲ್ಲಿ ದಾವಣಗೆರೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿನ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳ ಬಂದು ಬಿದ್ದಾಗ ವ್ಯಾಪಾರಿ ಮೊದಲು ರಾಶಿಯೊಳಕ್ಕೆ ಮೊಳಕೈವರೆಗೆ ಕೈ ತೂರಿಸುತ್ತಾನೆ, ಏಕೆಂದರೆ ಮೇಲಿನ ಕಾಳು ಎಲ್ಲರಿಗೂ ಒಣಗಿಯೇ ಕಾಣುತ್ತದೆ. ಅಡಿಯಿಂದ ತೆಗೆದ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದು, ಅದು ಕಟಕ್ಕೆಂದು ಒಡೆಯಿತೋ ಮೆತ್ತಗೆ ಅಪ್ಪಚ್ಚಿಯಾಯಿತೋ ನೋಡಿ, ಆಮೇಲೆ ದರದ ಮಾತಿಗೆ ಬರುತ್ತಾನೆ. ತೇವ ಅಳೆಯುವ ಯಂತ್ರ ಬಂದ ಮೇಲೂ ಹಲ್ಲಿನ ಮೇಲಿನ ವಿಶ್ವಾಸ ಹೋಗಿಲ್ಲ. ಐಪಿಎಲ್ ಹರಾಜಿನಲ್ಲಿಯಾದರೋ ತಂಡದವರು ಹವಾನಿಯಂತ್ರಿತ ಸಭಾಂಗಣದ ದುಂಡುಮೇಜುಗಳ ಸುತ್ತ ಕುಳಿತು, ಹಿಡಿಕೆಯುಳ್ಳ ಸಣ್ಣ ಹಲಗೆಯನ್ನು ಎತ್ತಿ ಎತ್ತಿ ಬೆಲೆ ಏರಿಸುತ್ತಾರೆ. ಮಾಲು ಆ ಹೊತ್ತಿಗೆ ಇನ್ನಾವುದೋ ಊರಿನಲ್ಲಿ ರಣಜಿ ಪಂದ್ಯ ಆಡುತ್ತಿರುತ್ತದೆ.

ಅಂಥ ಹರಾಜುಗಳಲ್ಲಿ ವಿನಯ್ ಕುಮಾರ್ ಅವರಿಗೆ ಬಿದ್ದ ಬೆಲೆಗಳ ಚರಿತ್ರೆ ಯಾವ ಅರ್ಥಶಾಸ್ತ್ರಕ್ಕೂ ಸುಲಭವಾಗಿ ಒಗ್ಗುವುದಿಲ್ಲ. ಮೊದಲ ಮೂರು ವರ್ಷ ಅವರು ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಆರ್‌ಸಿಬಿ ತಂಡದಲ್ಲಿದ್ದರು. 2011ರಲ್ಲಿ ಕೊಚ್ಚಿ ತಂಡ 4.75 ಲಕ್ಷ ಡಾಲರು ಕೊಟ್ಟು ಅವರನ್ನು ಕೊಂಡಿತು. ಅದೇ ವರ್ಷ ಆ ತಂಡವೇ ರದ್ದಾಯಿತು. 2012ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ ಆರ್‌ಸಿಬಿ, ತನ್ನ ಮನೆಯಲ್ಲಿಯೇ ಇದ್ದವರನ್ನು ಹತ್ತು ಲಕ್ಷ ಡಾಲರಿಗೆ, ಎಂದರೆ ಆಗಿನ ದರದಲ್ಲಿ ಸುಮಾರು ಐದು ಕೋಟಿ ರೂಪಾಯಿಗೆ, ಮರಳಿ ಕೊಂಡುಕೊಂಡಿತು. ನಡುವಿನ ಹನ್ನೆರಡು ತಿಂಗಳಲ್ಲಿ ಹೊರಸರಿಯುವ ಚೆಂಡು ಇಮ್ಮಡಿ ಸರಿಯಲು ಕಲಿತಿರಲಿಲ್ಲ. ಸಭಾಂಗಣದಲ್ಲಿ ಇನ್ನೊಂದು ಹಲಗೆ ಪಟ್ಟು ಬಿಡದೆ ಮೇಲೇಳುತ್ತಿತ್ತು, ಅಷ್ಟೆ.

ಈ ಐದು ಕೋಟಿಯ ಪ್ರಶ್ನೆಯಲ್ಲಿಯೇ ವಿದ್ವಾಂಸರು ಎರಡು ಪಂಥಗಳಾಗಿ ಒಡೆದುಹೋದದ್ದು. ಒಂದು ಪಾರ್ಶ್ವದಲ್ಲಿ ಶಿವನ, ಇನ್ನೊಂದು ಪಾರ್ಶ್ವದಲ್ಲಿ ವಿಷ್ಣುವಿನ ಲಕ್ಷಣಗಳನ್ನು ಒಂದೇ ಮೂರ್ತಿಯಲ್ಲಿ ಹೊಂದಿಸಿಕೊಂಡ ಹರಿಹರೇಶ್ವರನನ್ನು ಹೊಯ್ಸಳರ ಕಾಲದ ಗುಡಿಯಲ್ಲಿ ಎಂಟು ನೂರು ವರ್ಷಗಳಿಂದ ಪೂಜಿಸುತ್ತ ಬಂದಿದ್ದರೂ, ಹರಿಹರದವರು ಈ ವಿಷಯದಲ್ಲಿ ಸಮನ್ವಯಕ್ಕೆ ಒಪ್ಪುವುದಿಲ್ಲ. 1941ರಲ್ಲಿ ತೊಡಗಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ಕಟ್ಟಿದ ಊರಾದ್ದರಿಂದ, ಕೂದಲೆಳೆಯ ವ್ಯತ್ಯಾಸವನ್ನೂ ಅಳತೆಗೋಲಿನಿಂದ ಹಿಡಿಯುವುದು ಅಲ್ಲಿನವರ ರಕ್ತಗತ ಗುಣ: ಬೆಲೆಯನ್ನು ವಿಕೆಟ್ಟುಗಳಿಂದ ಭಾಗಿಸಿ ಒಂದೊಂದರ ಖರ್ಚು ಎಷ್ಟಾಯಿತೆಂದು ಅವರು ತೋರಿಸುತ್ತಾರೆ. ದಾವಣಗೆರೆಯ ಪಂಥಕ್ಕೆ ಭಾಗಾಕಾರ ಹಿಡಿಸದು. ಬೆಲೆ ಹೆಚ್ಚಾದದ್ದು ಕೊಂಡವನ ತಪ್ಪೇ ಹೊರತು ಮಾಲಿನದಲ್ಲ ಎಂಬ ಮಾರುಕಟ್ಟೆಯ ನ್ಯಾಯವೇ ಅದಕ್ಕೆ ಆಧಾರ, ಮತ್ತು ಪಕ್ಷಪಾತದ ಅಪವಾದಕ್ಕೆ ಹೆದರದೆ ಹೇಳುವುದಾದರೆ, ಸತ್ಯ ಇರುವುದೂ ಅದರ ಕಡೆಯೇ.

ಹರಿಹರ ಪಂಥದ ಕೈಯಲ್ಲಿ ಎರಡು ಬಲವಾದ ಸಾಕ್ಷ್ಯಗಳಿವೆಯೆಂಬುದನ್ನು ಮುಚ್ಚಿಡುವಂತಿಲ್ಲ. ಮೊದಲನೆಯದು 2013ರ ನವೆಂಬರ್ 2, ದೀಪಾವಳಿಯ ಮುನ್ನಾದಿನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯದ ವಿರುದ್ಧ 209 ರನ್ ಹೊಡೆದ ಆ ರಾತ್ರಿ, ವಿನಯ್ ಕುಮಾರ್ ಒಂಬತ್ತು ಓವರುಗಳಲ್ಲಿ 102 ರನ್ ಕೊಟ್ಟರು. ಪಂದ್ಯವನ್ನು ಭಾರತ 57 ರನ್ನುಗಳಿಂದ ಗೆದ್ದಿತೆಂಬ ಅಂಶವನ್ನು ಹರಿಹರ ಪಂಥ ಅಡಿಟಿಪ್ಪಣಿಗೆ ತಳ್ಳುತ್ತದೆ. ಎರಡನೆಯದು 2018ರ ಏಪ್ರಿಲ್ 10. ಕೋಲ್ಕತ್ತ ತಂಡದ ಪರವಾಗಿ ಚೆನ್ನೈಯಲ್ಲಿ ಕೊನೆಯ ಓವರ್ ಹಾಕಲು ಅವರು ಬಂದಾಗ ಚೆನ್ನೈಗೆ 17 ರನ್ ಬೇಕಿತ್ತು. ಮೊದಲ ಎಸೆತ ನೋಬಾಲ್ ಆಗಿ, ಅದಕ್ಕೆ ಬ್ರಾವೊ ಸಿಕ್ಸರನ್ನೂ ಹೊಡೆದು, ಅಂತಿಮವಾಗಿ ಒಂದು ಎಸೆತ ಬಾಕಿಯಿರುವಾಗ ರವೀಂದ್ರ ಜಡೇಜಾ ಇನ್ನೊಂದು ಸಿಕ್ಸರಿನಿಂದ ಪಂದ್ಯ ಮುಗಿಸಿದರು. ಆ ಜಡೇಜಾ 2012ರ ಅದೇ ಹರಾಜಿನಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಮಾರಾಟವಾಗಿದ್ದರು. ಇಪ್ಪತ್ತು ಲಕ್ಷ ಹತ್ತು ಲಕ್ಷವನ್ನು ಬೌಂಡರಿಯಾಚೆ ಎತ್ತಿ ಒಗೆಯುವುದರಲ್ಲಿ ಗಣಿತದ ದೃಷ್ಟಿಯಿಂದ ಅಸಹಜವಾದುದೇನೂ ಇಲ್ಲವೆಂದು ದಾವಣಗೆರೆಯ ಪಂಥ ಇದಕ್ಕೆ ಉತ್ತರಿಸಬಹುದಾಗಿದೆ.

ನಿಜಕ್ಕೂ ನಿರಾಶೆ ಹುಟ್ಟಿಸಬೇಕಾದ ಆಯ್ಕೆ ಬೇರೆಯೇ ಇದೆ. 2013ರ ಐಪಿಎಲ್‌ನಲ್ಲಿ ವಿನಯ್ ಕುಮಾರ್ 23 ವಿಕೆಟ್ ಪಡೆದು ಆ ಸಾಲಿನ ಮುಂಚೂಣಿಯ ಬೌಲರುಗಳಲ್ಲಿ ಒಬ್ಬರಾದರು. ಹಾಗಿದ್ದೂ ಆರ್‌ಸಿಬಿ ಅವರನ್ನು ಉಳಿಸಿಕೊಳ್ಳಲಿಲ್ಲ. 2014ರ ಫೆಬ್ರವರಿಯ ಆರಂಭದಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ಹದಿನೈದು ವರ್ಷಗಳ ಬಳಿಕ ರಣಜಿ ಟ್ರೋಫಿ ಗೆದ್ದು ಬಂದಿತು. ಗೆಲುವಿನ ಹಾರದ ಹೂ ಬಾಡುವ ಮೊದಲೇ ಬೆಂಗಳೂರಿನಲ್ಲಿ ಹರಾಜು ನಡೆದು, ಆರ್‌ಸಿಬಿ ಯುವರಾಜ್ ಸಿಂಗ್ ಅವರಿಗಾಗಿ 14 ಕೋಟಿ ಸುರಿದರೆ, ರಾಜ್ಯದ ನಾಯಕ 2.8 ಕೋಟಿಗೆ ಕೋಲ್ಕತ್ತದ ಪಾಲಾದರು. ಆ ವರ್ಷ ಕೋಲ್ಕತ್ತ ಚಾಂಪಿಯನ್ ಆಯಿತು, ಅದೂ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿಯೇ, ಹಿಂದೆ ಆರ್‌ಸಿಬಿಯಲ್ಲಿದ್ದ ಮನೀಶ್ ಪಾಂಡೆ ಫೈನಲ್‌ನಲ್ಲಿ 94 ರನ್ ಹೊಡೆದದ್ದರಿಂದ. 2015ರಲ್ಲಿ ವಿನಯ್ ಕುಮಾರ್ ಮುಂಬಯಿ ತಂಡಕ್ಕೆ ಹೋದರು. ಆ ಬಾರಿ ಮುಂಬಯಿ ಗೆದ್ದಿತು. ಅವರನ್ನು ಬಿಟ್ಟುಕೊಟ್ಟ ಆರ್‌ಸಿಬಿ ಕಪ್ ಎತ್ತಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಕಾಕತಾಳೀಯವೆಂದು ತಳ್ಳಿಹಾಕುವವರು ದಾವಣಗೆರೆಗೆ ಬಂದು ತಳ್ಳಿಹಾಕಲಿ.

2015ರ ಮಾರ್ಚ್‌ನಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ನಡೆದ ರಣಜಿ ಫೈನಲ್‌ನಲ್ಲಿ ಅವರು ಐದು ವಿಕೆಟ್ ಕಿತ್ತು, ಬಳಿಕ ಬ್ಯಾಟು ಹಿಡಿದು ಅಜೇಯ ಶತಕವನ್ನೂ ಬಾರಿಸಿದರು. ಆದರೆ ಅದೇ ಇನಿಂಗ್ಸಿನಲ್ಲಿ ಕರುಣ್ ನಾಯರ್ 328 ರನ್ ಗಳಿಸಿದ್ದರಿಂದ ಮರುದಿನದ ಪತ್ರಿಕೆಗಳ ಜಾಗವೆಲ್ಲ ಅಲ್ಲಿಗೇ ಖರ್ಚಾಯಿತು. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬಯಿಯ ವಿರುದ್ಧ ಹ್ಯಾಟ್ರಿಕ್, ಎಂದರೆ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್, ಸಾಧಿಸಿದರು. ಮುಂದಿನ ತಿಂಗಳ ಹರಾಜಿನಲ್ಲಿ ಬಿದ್ದ ಬೆಲೆ ಒಂದು ಕೋಟಿ. ಪ್ರಥಮ ದರ್ಜೆಯ ಐನೂರಕ್ಕೂ ಹೆಚ್ಚು ವಿಕೆಟ್ಟುಗಳು ಒಂದು ಕಡೆ, ಚೆನ್ನೈಯ ಒಂದು ಓವರ್ ಇನ್ನೊಂದು ಕಡೆ ಇಟ್ಟು ತೂಗಿದಾಗ ಓವರಿನ ಕಡೆಯೇ ತಕ್ಕಡಿ ವಾಲುತ್ತದೆ, ಏಕೆಂದರೆ ಓವರನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಬಹುದು. ರಣಜಿಯ ಬೆಳಗುಗಳನ್ನು ಮೊದಲ ಸಲವೇ ಯಾರೂ ನೋಡಿರುವುದಿಲ್ಲ.

ತಮ್ಮದೇ ತಂಡವಿದ್ದರೆ ಈ ಎರಡೂ ಊರುಗಳು ಬೇರೆಯವರ ಆಯ್ಕೆಗಳನ್ನು ಇಷ್ಟು ಆಸ್ಥೆಯಿಂದ ಸಂಶೋಧಿಸುತ್ತಿರಲಿಲ್ಲವೇನೋ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ತೊಡಗಿದಾಗ ಶಾಮನೂರು ದಾವಣಗೆರೆ ಡೈಮಂಡ್ಸ್ ಎಂಬ ತಂಡ ಕಣದಲ್ಲಿತ್ತು. ನಡುವೆ ನಿಂತಿದ್ದ ಲೀಗ್ 2014ರಲ್ಲಿ ಮತ್ತೆ ಚಿಗುರಿದಾಗ ದಾವಣಗೆರೆಯ ಹೆಸರು ಅದರಲ್ಲಿರಲಿಲ್ಲ, ಆ ಲೀಗಿನ ಜಾಗಕ್ಕೆ ಬಂದ 2022ರ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿಯೂ ಇರಲಿಲ್ಲ. ತಪ್ಪು ಆಯ್ಕೆ ಮಾಡುವ ಅವಕಾಶವೂ ಇಲ್ಲದ ಊರು ವಿಮರ್ಶೆಗೆ ನಿಲ್ಲದೆ ಇನ್ನೇನು ಮಾಡೀತು?

2021ರ ಫೆಬ್ರವರಿಯಲ್ಲಿ ವಿನಯ್ ಕುಮಾರ್ ನಿವೃತ್ತರಾಗಿ, ಅದೇ ವರ್ಷ ಮುಂಬಯಿ ಇಂಡಿಯನ್ಸ್ ತಂಡದ ಪ್ರತಿಭಾಶೋಧಕರ ಬಳಗವನ್ನು ಸೇರಿದರು. ಊರೂರು ತಿರುಗಿ ಎಳೆಯರ ಆಟ ನೋಡಿ, ಯಾರನ್ನು ಕೊಳ್ಳಬಹುದೆಂದು ತಂಡಕ್ಕೆ ಹೇಳುವುದು ಪ್ರತಿಭಾಶೋಧಕರ ಕೆಲಸ. ಹಾಗಾಗಿ ಇಷ್ಟು ವರ್ಷ ಆರಿಸಲ್ಪಟ್ಟವರು ಆರಿಸುವವರ ಸಾಲಿಗೆ ಬಂದಂತಾಯಿತು. ದಾವಣಗೆರೆಯ ಹುಡುಗನೊಬ್ಬನನ್ನು ಆರಿಸಿದರೆ ಊರಿನವನೆಂದು ಆರಿಸಿದರು ಎಂದೂ, ಬಿಟ್ಟರೆ ಊರನ್ನೇ ಮರೆತರು ಎಂದೂ ಎರಡೂ ಪಂಥಗಳ ಒಮ್ಮತದ ತೀರ್ಪುಗಳು ಅಂದೇ ಸಿದ್ಧವಾಗಿದ್ದವು; ಹುಡುಗನೊಬ್ಬ ಬಾಕಿಯಿದ್ದ.